ಕನ್ಯೆ ಓದುತ್ತಾಳೆ, ಯಾರಿಗೂ ಹೇಳಬೇಡಿ

ಕೆಲವರ ಮನೆ ಕಟ್ಟೆಯ ಮೇಲೆ ಕರೆಯದಿದ್ದರೂ ನಾಯಿಗಳು ಬಂದು ಮಲಗುತ್ತವೆ. ನನ್ನ ಸುತ್ತ ಹಾಗೆ ಫಜೀತಿಗಳು ಬಂದು ಮಲಗುತ್ತವೆ. ಓಡಿಸಿದರೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಷ್ಟೇನೂ ಜೋರಾಗಿ ಓಡಿಸುವುದಿಲ್ಲ.

ನನ್ನ ಕಸುಬು ಚಾಳೀಸು ಮಾರುವುದು. ಹೆಗಲಿಗೊಂದು ಡಬ್ಬಿ ಹಾಕಿಕೊಂಡು ಒಂದು ದಿನ ಅಕ್ಕಿಆಲೂರ ಸಂತೆ, ಒಂದು ದಿನ ಹತ್ತಿಮತ್ತೂರು, ಒಂದು ದಿನ ಹಿರೇಕೆರೂರು ಅಂತ ತಿರುಗುವವ. ಗಿರಾಕಿಯ ಮೂಗಿನ ಮೇಲೆ ಚಾಳೀಸು ಇಟ್ಟು "ಕಾಣತೈತೇನ್ರಿ?" ಅಂತ ಕೇಳುವುದು; ಕಾಣುತ್ತದೆ ಅಂದರೆ ವ್ಯಾಪಾರವಾಯಿತು, ಕಾಣುವುದಿಲ್ಲ ಅಂದರೆ ಇನ್ನೊಂದು ಇಟ್ಟು ಕೇಳುವುದು. ಇಷ್ಟೇ ವಿದ್ಯೆ. ನಾಲ್ಕು ಊರ ಮೂಗು ನೋಡಿದವನಿಗೆ ನಾಲ್ಕು ಊರ ಮಾತೂ ಕಿವಿಗೆ ಬೀಳುತ್ತವೆ. ಹಾಗೆ ಬಿದ್ದವುಗಳಲ್ಲಿ ಅರ್ಧ ನಾನು ಕಟ್ಟಿದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಯಾವ ಅರ್ಧ ಅನ್ನುವುದು ಆಕೆಗೂ ಗೊತ್ತಿಲ್ಲ, ಈಗ ನನಗೂ ಗೊತ್ತಿಲ್ಲ.

ಈಗ ಹೇಳುವುದಿಷ್ಟೂ ನನ್ನ ಅಕ್ಕನ ಮಗಳ ಸಂಗತಿಗಳು. ಅಕ್ಕನನ್ನು ಕೊಟ್ಟದ್ದು ಹಾನಗಲ್ಲಿನಲ್ಲೇ, ನಮ್ಮ ಮನೆಯಿಂದ ಎರಡು ಓಣಿ ಆಚೆ. ಹುಡುಗಿಯರು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಲೆ ಮುಂದೆ ಕೂಡುತ್ತಿದ್ದ ಕಾಲದಲ್ಲಿ ಈ ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿಬಿಟ್ಟಳು. ಪಾಸು ಮಾಡಿ ಸುಮ್ಮನಾಗಿದ್ದರೆ ಜನ ಮರೆತುಬಿಡುತ್ತಿದ್ದರು. ಈಕೆ ಆಮೇಲೂ ಓದುತ್ತಿದ್ದಳು. ಸಿಕ್ಕ ಪುಸ್ತಕವನ್ನೆಲ್ಲ ಕೂಡಿಸಿ ಒಂದು ಕಬ್ಬಿಣದ ಪೆಟ್ಟಿಗೆ ತುಂಬಿದ್ದಳು.

ಓದುವ ಹುಡುಗಿಯರ ಬಗ್ಗೆ ಆಗ ನಮ್ಮ ಕಡೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಅಂಥವಳೊಬ್ಬಳನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಓದಿದರೆ ಕಣ್ಣು ಹೋಗುತ್ತವೆ, ಕೂದಲು ಉದುರುತ್ತದೆ, ಬಡಿದ ರೊಟ್ಟಿ ದುಂಡಗಾಗುವುದಿಲ್ಲ, ಗಂಡ ಒಂದು ಮಾತು ಅಂದರೆ ನಾಲ್ಕು ಮಾತು ಅನ್ನುತ್ತಾಳೆ. ನಮ್ಮ ಓಣಿಯ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಮಾ ಚಾಳೀಸು ಮಾರತಾನ, ಸೊಸಿ ಕಣ್ಣು ಕೆಡಿಸ್ಕೋತಾಳ, ಮನಿಮಂದಿ ಕೂಡಿ ಕಸಬು ನಡಸ್ಯಾರ ಎಂದು ಆಡಿಕೊಂಡರು. ಆ ಹುಡುಗಿಯಿಂದ ನನಗೆ ಒಂದು ಚಾಳೀಸೂ ಖರ್ಚಾಗಲಿಲ್ಲ. ಆಕೆಯ ಕಣ್ಣು ಹದ್ದಿನ ಕಣ್ಣು. ಅದರಿಂದಲೇ ಒಂದು ಲಗ್ನ ಮುರಿದದ್ದು. ಅದನ್ನು ಆಮೇಲೆ ಹೇಳುತ್ತೇನೆ.

ಹಾಲು ಕಾಯುವ ರೀತಿ

ನಮ್ಮ ಭಾವ ಅಕ್ಕಿ ವ್ಯಾಪಾರಸ್ಥ. ಸಿಟ್ಟಿನ ಮನುಷ್ಯ. ಮನೆಯಲ್ಲಿ ದಿನಾ ಹಾಲು ಉಕ್ಕುವುದು ಮಗಳ ಪುಸ್ತಕದಿಂದ ಎಂದು ಆತನ ಗಟ್ಟಿ ನಂಬಿಕೆ. ಒಂದು ಮುಂಜಾನೆ ಆಕೆಯ ಕೈಯೊಳಗಿನ ಪುಸ್ತಕ ಕಸಿದುಕೊಂಡು, ನೀರು ತರಲು ಬಾವಿಗೆ ಅಟ್ಟಿ, ಹಾಲು ಹೇಗೆ ಕಾಯಬೇಕು ತೋರಿಸುತ್ತೇನೆ ಎಂದು ತಾನೇ ಒಲೆ ಮುಂದೆ ಕೂತ. ನಾನು ಪಡಸಾಲೆಯಲ್ಲಿ ಚಾಳೀಸು ಒರೆಸುತ್ತಾ ಕೂತಿದ್ದೆ.

ಪುಸ್ತಕ ಕೈಯಲ್ಲೇ ಇತ್ತಲ್ಲ. ಇದರೊಳಗೆ ಏನು ಕಸ ಬರೆದಿದ್ದಾರೆ ಎಂದು ತೆರೆದ. ಮೊದಲು ತುಟಿ ಅಲ್ಲಾಡಿದವು. ಆಮೇಲೆ ಬೆರಳು ಸಾಲಿನ ಮೇಲೆ ಹರಿಯಿತು. ಆಮೇಲೆ ಬೆಳಕಿಂಡಿಯ ಕಡೆ ಜರುಗಿ ಕೂತ. ಹಾಲು ಎದ್ದಿತು, ಉಕ್ಕಿತು, ಒಲೆ ಆರಿತು. ಬೆಕ್ಕು ಬಂದು ನೆಲ ನೆಕ್ಕಿ, ಭಾವನ ಮುಖ ನೋಡಿ, ಬೈಯುವವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಪಾತ್ರೆಗೇ ಬಾಯಿ ಹಾಕಿತು. ಅಷ್ಟರಲ್ಲಿ ಕೊಡ ಹೊತ್ತು ಬಂದ ಮಗಳು, "ಅಪ್ಪಾ, ಹಾಲು" ಅಂದಳು.

ಭಾವ ತಲೆ ಎತ್ತಲಿಲ್ಲ. "ಸುಮ್ನಿರು. ಆ ಹೆಣಮಗಳು ಬಾವಿಗೆ ಬಿದ್ಲೋ ಇಲ್ಲೋ ನೋಡಾಕತ್ತೇನಿ."

ಎಚ್ಚರವಾದ ಮೇಲೆ ಆತನಿಗೆ ನಾಚಿಕೆಯಾಯಿತು. ನಾಚಿಕೆಯಾದ ಗಂಡಸು ಬೇರೆ ಏನೂ ತೋಚದೆ ಒದರುತ್ತಾನೆ. ಮನೆಯಲ್ಲಿ ಪುಸ್ತಕ ಇದ್ದರೆ ಹಾಲು ಉಕ್ಕುತ್ತದೆ ಎಂದು ತಾನು ಹೇಳಿರಲಿಲ್ಲವೇ ಎಂದು ನಮಗೇ ಕೇಳಿದ. ಅಲ್ಲೇ ನಿಂತು ತೀರ್ಪನ್ನೂ ಕೊಟ್ಟ: ಬರುವ ಯುಗಾದಿಯೊಳಗೆ ಈಕೆಯ ಲಗ್ನ ಗೊತ್ತಾಗಬೇಕು, ಇಲ್ಲದಿದ್ದರೆ ಪೆಟ್ಟಿಗೆ ಕಿರಾಣಿ ಅಂಗಡಿಗೆ. ಆಗ ಲಡಾಯಿ ಕಾಲ. ಕಾಗದ ಸಿಗುತ್ತಿರಲಿಲ್ಲ. ಅಂಗಡಿಯವರು ಹಳೇ ಪುಸ್ತಕ ತೂಕಕ್ಕೆ ತೆಗೆದುಕೊಂಡು, ಹಾಳೆ ಹರಿದು ಜೀರಿಗೆ ಮೆಣಸು ಕಟ್ಟಿಕೊಡುತ್ತಿದ್ದರು. ಆದ್ದರಿಂದ ಇದು ಬರೀ ಬಾಯಿಮಾತಿನ ಬೆದರಿಕೆಯಲ್ಲ.

ಹುಡುಗಿ ಕೊಡ ಇಳಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಪೆಟಗಿ ಎಲ್ಲಿ ಹೋಗತೈತಿ ಅಲ್ಲೇ ನಾನೂ ಹೋಗ್ತೇನಿ. ಗಂಡನ ಮನಿಗೆ ಅಂದ್ರೂ ಸರಿ, ಕಿರಾಣಿ ಅಂಗಡಿಗೆ ಅಂದ್ರೂ ಸರಿ."

ಭಾವ ಸ್ವಲ್ಪ ಹೊತ್ತು ವಿಚಾರ ಮಾಡಿ ನನ್ನ ಕಡೆ ತಿರುಗಿದ. "ಆ ಕಿರಾಣಿಯಾವಗ ಲಗ್ನದ ಮಗಾ ಅದಾನೇನು, ಕೇಳ್ಕೊಂಡು ಬಾ."

ಹಿರೇಕೆರೂರಿನವರ ಕಣ್ಣುಪರೀಕ್ಷೆ

ಮೊದಲು ಕನ್ಯೆ ನೋಡಲು ಬಂದವರು ಹಿರೇಕೆರೂರಿನವರು. ಹುಡುಗ, ಅವನ ಗೆಳೆಯ, ಅಪ್ಪ, ಮತ್ತೆ ಹುಡುಗನ ಸೋದರತ್ತೆ. ಈ ಸೋದರತ್ತೆಯೇ ಎಲ್ಲಕ್ಕೂ ಮುಂದಾಳು. ಕನ್ಯೆ ಓದುತ್ತಾಳೆ ಎಂಬ ಸುದ್ದಿ ಆಕೆಗೆ ಮುಟ್ಟಿತ್ತು. ಕಣ್ಣು ಗಟ್ಟಿ ಇದ್ದರೆ ಮಾತ್ರ ಮುಂದಿನ ಮಾತು ಅಂದಳು. ನಾನು ಮುಂದೆ ಬಂದು, ಇಪ್ಪತ್ತು ವರ್ಷದಿಂದ ಕಣ್ಣಿನ ಕಸುಬು ಮಾಡುತ್ತಿದ್ದೇನೆ, ಈಕೆಯ ಕಣ್ಣಿಗೆ ನಾನು ಜವಾಬ್ದಾರಿ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಾಳೀಸಿನವರ ಮಾತು ನಂಬಿದ್ರ ನಮ್ಮ ಎಮ್ಮಿಗೂ ಒಂದು ಚಾಳೀಸು ಹಾಕಬೇಕಾಗತೈತ್ರಿ" ಅಂದಳು.

ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದಳು. ಊರಿಂದಲೇ ಬಿಳೀ ಹರಳು ಕಲೆಸಿಕೊಂಡು ತಂದಿದ್ದಳು. ನಮ್ಮ ಹುಡುಗಿ ಮೊರದಲ್ಲಿ ಹಾಕಿ ಒಂದು ಗಳಿಗೆಯಲ್ಲಿ ಹರಳೆಲ್ಲ ಬೇರೆ ಮಾಡಿಟ್ಟಳು. ಜೊತೆಗೆ ಅಕ್ಕಿಯೊಳಗೆ ಹುಳ ಇವೆ ಎಂದು ಎರಡು ಹುಳವನ್ನೂ ತೆಗೆದು ತೋರಿಸಿದಳು. ಅತ್ತೆಗೆ ಅದು ಅಷ್ಟು ಸೇರಲಿಲ್ಲ. ಸೂಜಿ ಕೊಟ್ಟರು, ದಾರ ಒಂದೇ ಸಲಕ್ಕೆ ಹೋಯಿತು.

ಆಗ ಆಕೆ ಹೊಸ ಮಾತು ತೆಗೆದಳು. ಓದಿದವರಿಗೆ ಹತ್ತಿರದ್ದು ಕಾಣುತ್ತದೆ, ಕೆಡುವುದು ದೂರದ ಕಣ್ಣು. ಹೊರಗೆ ಕಟ್ಟೆಗೆ ಕರೆದುಕೊಂಡು ಬಂದು ಊರ ಮುಂದಿನ ಆನಿಕೆರಿಯ ದಂಡೆ ಕಡೆ ಕೈ ಮಾಡಿ, ಅಲ್ಲಿ ಏನು ಕಾಣುತ್ತದೆ ಹೇಳು ಅಂದಳು. ಇತ್ತ ಹುಡುಗನ ಅಪ್ಪ ನಮ್ಮ ಭಾವನ ಹತ್ತಿರ ಮಗನ ಗುಣ ಹೇಳುತ್ತಿದ್ದ. ಒಂದು ಚಟ ಇಲ್ಲ, ಅಡಿಕೆ ಹೋಳನ್ನೂ ಬಾಯಿಗೆ ಹಾಕಿಕೊಂಡವನಲ್ಲ, ಈಗ ಗೆಳೆಯನ ಜೊತೆ ದೇವರಿಗೆ ಕೈಮುಗಿದು ಬರಲು ಹೋಗಿದ್ದಾನೆ, ಇತ್ಯಾದಿ.

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಹುಣಸಿಗಿಡದ ಕೆಳಗ ಇಬ್ರು ಕುಂತಾರ್ರಿ. ಒಬ್ಬಾವ ಬೋಳತಲಿ. ಇನ್ನೊಬ್ಬಾವಂದು ಜರದಂಚಿನ ರುಮಾಲು. ಎಡಗೈಯಾಗ ಬೀಡಿ ಹಿಡದಾನ್ರಿ."

ಜರದಂಚಿನ ರುಮಾಲು ಆ ದಿನ ಹಾನಗಲ್ಲಿಗೆಲ್ಲ ಒಂದೇ ಇತ್ತು. ಅದು ವರನದು. ಹುಡುಗನ ಅಪ್ಪ ಗಂಟಲು ಸರಿ ಮಾಡಿಕೊಂಡು, ಬೀಡಿ ಗೆಳೆಯನದಿರಬೇಕು, ಸುಮ್ಮನೆ ಹಿಡಿದುಕೊಂಡಿದ್ದಾನೆ ಅಂದ.

ಹುಡುಗಿ ಇನ್ನೂ ಅತ್ತ ಕಡೆಯೇ ನೋಡುತ್ತಿದ್ದಳು. "ಖರೇ ಇರಬೇಕ್ರಿ. ಇನ್ನೂ ಹಚ್ಚಿಲ್ಲ... ಹಾಂ, ಈಗ ಹಚ್ಚಿದ್ರು."

ಮೂರನೇ ದಿನ ಹಿರೇಕೆರೂರಿನಿಂದ ಹೇಳಿಕೆ ಬಂತು. ಓದಿ ಓದಿ ಹುಡುಗಿಯ ಕಣ್ಣು ಕೆಟ್ಟಿವೆ. ಸಂಸಾರಕ್ಕೆ ಇಷ್ಟು ಕಂಡರೆ ಹೊಂದುವುದಿಲ್ಲ.

ಸವಣೂರಿನವರ ಲೆಕ್ಕ

ಎರಡನೆಯದು ಸವಣೂರು. ಎಲೆಬಳ್ಳಿ ತೋಟದವರು. ಮಾತಾಡಲು ನಾನೇ ಅಲ್ಲಿಗೆ ಹೋದೆ. ಹುಡುಗನ ಅಪ್ಪ ಬಾಯಿ ತುಂಬ ತಮ್ಮ ತೋಟದ ಎಲೆ ಹಾಕಿಕೊಂಡು, ನನಗೂ ಕೊಟ್ಟು, ತನ್ನ ಮನೆಯ ಪದ್ಧತಿ ಹೇಳಿದ. ಗಂಡ ಎಷ್ಟು ಕಲಿತಿರುತ್ತಾನೋ ಹೆಂಡತಿ ಅದಕ್ಕಿಂತ ಒಂದು ಇಯತ್ತೆ ಕಡಿಮೆ ಇರಬೇಕು. ಸಮ ಆದರೆ ಜಗಳ, ಹೆಚ್ಚಾದರೆ ಮನೆತನ ಹಾಳು. ಹುಡುಗ ಎಷ್ಟು ಕಲಿತಿದ್ದಾನೆ ಎಂದು ಕೇಳಿದೆ. ನಾಲ್ಕು. ಕನ್ಯೆ? ಏಳು ಮುಗಿಸಿ ಮುಲ್ಕಿ.

ಆತನಿಗೆ ಕೆಡುಕೆನಿಸಿತು. ನಮ್ಮ ಮನೆತನ ಒಳ್ಳೆಯದಿತ್ತು, ಬಿಡಲು ಮನಸ್ಸಿರಲಿಲ್ಲ. ನನಗೆ ನಾಲಗೆಯ ತುದಿ ತುರಿಸಿತು. ಎಲೆಯ ರಸ ಒಂದು ಕಡೆ ಸರಿಸಿ, ಅದಕ್ಕೆ ಯಾಕೆ ಚಿಂತೆ, ನಾಲ್ಕು ಇಯತ್ತೆ ಮರೆಸಿ ಕೊಡುತ್ತೇವೆ ಎಂದೆ.

ನಗುತ್ತಾನೆ ಅಂದುಕೊಂಡಿದ್ದೆ. ಆತ ಹತ್ತಿರ ಜರುಗಿ, "ಎಷ್ಟು ದಿನಾ ಹಿಡಿತೈತ್ರಿ?" ಅಂದ.

ಇನ್ನು ಹಿಂದೆ ಸರಿಯುವ ಮಾತೇ ಇಲ್ಲ. ನಾನು ವೈದ್ಯನ ಹಾಗೆ ಮುಖ ಮಾಡಿಕೊಂಡು, ಭೂಗೋಳ ಎಂಟು ದಿನದಲ್ಲಿ ಹೋಗುತ್ತದೆ, ಗಣಿತ ಹೋದದ್ದೇ ಗೊತ್ತಾಗುವುದಿಲ್ಲ, ಪದ್ಯ ಸ್ವಲ್ಪ ಅಂಟಿಕೊಂಡಿರುತ್ತವೆ, ಅದಕ್ಕೆ ರಾಗಿ ಬೀಸಿಸಬೇಕು, ಬೀಸುಕಲ್ಲಿನ ಸಪ್ಪಳಕ್ಕೆ ಉದುರುತ್ತವೆ ಎಂದು ವಿವರಿಸಿದೆ. ಹಿಂಗಾರಿ ಬಿತ್ತಿಗೆ ಮುಗಿಯುವ ತನಕ ಕಾಯುತ್ತೇವೆ ಎಂದು ಕೈಮೇಲೆ ಕೈ ಹಾಕಿ ಹೇಳಿದರು. ಮನೆಗೆ ಬಂದು ಹೇಳಿದಾಗ ಅಕ್ಕ ಹಣೆ ಬಡಿದುಕೊಂಡಳು. ಭಾವ ಮಾತ್ರ, ರಾಗಿ ಎಷ್ಟು ಬೀಸಬೇಕು ಎಂದು ಕೇಳಿದ.

ಬಿತ್ತಿಗೆ ಮುಗಿಯಿತು. ಸವಣೂರಿನಿಂದ ಒಬ್ಬ ಹಿರಿಯ ಬಂದು, ಎಷ್ಟು ಮರೆತಿದ್ದಾಳೆ ನೋಡಿಕೊಂಡು ಬಾ ಅಂದಿದ್ದಾರೆ ಎಂದು ಕಟ್ಟೆಯ ಮೇಲೆ ಕೂತ. ಹುಡುಗಿ ಬಂದು ತಲೆ ತಗ್ಗಿಸಿ ನಿಂತಳು. ಏನೇನು ಮರೆತಿದ್ದೀ ತಂಗಿ ಎಂದು ಆತ ಮೆಲ್ಲಗೆ ಕೇಳಿದ. "ಏನ ಮರತೇನಿ ಅನ್ನೋದನ್ನ ಮರತೇನ್ರಿ" ಅಂದಳು. ಎರಡು ಮತ್ತು ಎರಡು ಎಷ್ಟು ಅಂದರೆ, "ಯಾವ ಎರಡ್ರಿ?" ಅಂದಳು. ಆತ ಗಾಬರಿಯಾಗಿ ನೀರನ್ನೂ ಕುಡಿಯದೆ ಎದ್ದ.

ಎಂಟು ದಿನಕ್ಕೆ ಉತ್ತರ ಬಂತು. ನೀವು ಬಹಳ ಮರೆಸಿಬಿಟ್ಟಿದ್ದೀರಿ. ನಮಗೆ ಮೂರನೇ ಇಯತ್ತೆಯವಳು ಬೇಕಾಗಿತ್ತು. ಇದು ಒಂದನೇ ಇಯತ್ತೆಗೂ ಮೊದಲಿನ ಬಿನ್ನೆತ್ತೆಗಿಂತಲೂ ಕೆಳಗಿನ ಮಾಲು.

ಅಕ್ಷರ ಬಾರದ ಕನ್ಯೆ

ಯುಗಾದಿ ಸಮೀಪ ಬಂತು. ಭಾವ ಕಿರಾಣಿ ಅಂಗಡಿಯ ತಕ್ಕಡಿಯ ಮಾತು ತೆಗೆಯಲು ಶುರುಮಾಡಿದ. ಹುಡುಗಿ ಮೊದಲಿನಂತೆ ನಗುತ್ತಿರಲಿಲ್ಲ. ಒಂದು ದಿನ ಪೆಟ್ಟಿಗೆಯ ಮುಂದೆ ಕೂತು ಪುಸ್ತಕಗಳನ್ನು ಒಂದೊಂದೇ ತೆಗೆದು, ಧೂಳು ಒರೆಸಿ, ಮತ್ತೆ ಒಳಗಿಡುತ್ತಿದ್ದಳು. "ಮಾಮಾ, ಇವುಗಳೊಳಗ ಉಪ್ಪು ಕಟ್ಟಿದ್ರ ಪರವಾಗಿಲ್ಲ. ಇಂಗು ಕಟ್ಟಿದ್ರ ಮಾತ್ರ ನನಗ ತಡಕೊಳ್ಳಾಕ ಆಗಂಗಿಲ್ಲ" ಅಂದಳು. ಚೇಷ್ಟೆಯ ಮಾತೇ, ಆದರೂ ನಾನು ಪಕ್ಕಕ್ಕೆ ಕೂತು ಚಾಳೀಸು ಒರೆಸುವ ಬಟ್ಟೆಯಿಂದ ಒಂದೆರಡು ಪುಸ್ತಕ ಒರೆಸಿಕೊಟ್ಟೆ.

ಅಷ್ಟರಲ್ಲಿ ಶಿಗ್ಗಾವಿಯಿಂದ ಒಂದು ಸಂಬಂಧ ಬಂತು. ಹೊಲ, ಮೆಣಸಿನಕಾಯಿ ವ್ಯಾಪಾರ, ತಂದೆ ಇಲ್ಲ, ಮನೆ ನಡೆಸುವವಳು ಹುಡುಗನ ತಾಯಿ. ಈ ಸಲ ನಾನು ಪೂರಾ ಬಂದೋಬಸ್ತು ಮಾಡಿದೆ. ಓದು ಅನ್ನುವುದೇ ಅಡ್ಡ ಬರುತ್ತಿದ್ದರೆ ಓದೇ ಇಲ್ಲ ಎಂದರಾಯಿತು. ಶಿಗ್ಗಾವಿಗೆ ಹೋದಾಗ ಸಿಕ್ಕವರಿಗೆಲ್ಲ, ನಮ್ಮ ಹುಡುಗಿ ಶಾಲೆಯ ನೆರಳನ್ನೂ ಮೆಟ್ಟಿದವಳಲ್ಲ ಎಂದು ಹೇಳಿ ಬಂದೆ. ಪುಸ್ತಕದ ಪೆಟ್ಟಿಗೆಯನ್ನು ಪಕ್ಕದ ಬಳೆ ಮಾರುವ ಖಾಲಾಳ ಮನೆಯಲ್ಲಿ ಮುಚ್ಚಿಟ್ಟೆವು. ಖಾಲಾ ನಮ್ಮ ಅಕ್ಕನ ಜೀವದ ಗೆಳತಿ. ಬೀಗರು ಬಂದಾಗ ಬಾಗಿಲಿಗೆ ಬಂದು ಒಂದೆರಡು ಮಾತು ಸಾಕ್ಷಿ ಹೇಳಬೇಕೆಂದು ಆಕೆಗೂ ಕಲಿಸಿದ್ದೆ.

ಬಂದರು. ಹುಡುಗ ನೋಡಲು ಸಭ್ಯ, ಮಾತು ಕಡಿಮೆ. ತಾಯಿ ದೊಡ್ಡ ಹಣೆಯ, ನಿಧಾನದ ಹೆಂಗಸು. ಬರಿಗೈಲಿ ಬರಬಾರದೆಂದು ದಾರಿಯಲ್ಲಿ ನಮ್ಮ ಪೇಟೆಯ ಕಿರಾಣಿ ಅಂಗಡಿಯಲ್ಲಿ ಕಲ್ಲುಸಕ್ಕರೆ ಕಟ್ಟಿಸಿಕೊಂಡು ಬಂದಿದ್ದರು. ಅಕ್ಕ ಶಿರಾ ಮಾಡಿ ಕೊಟ್ಟಳು. ತಿಂದರು. ಹುಡುಗಿಯನ್ನು ಕರೆದರು. ತಾಯಿ ಆಕೆಯ ಗದ್ದ ಎತ್ತಿ ನೋಡಿ ಮೆಚ್ಚಿದಳು. ಹುಡುಗ ನೋಡಿಯೂ ನೋಡದ ಹಾಗೆ ನೋಡಿದ. ಎಲ್ಲಾ ಬೆಣ್ಣೆಯಂತೆ ನಡೆದಿತ್ತು.

"ಏನ ಓದೀ, ತಂಗಿ?" ಎಂದು ತಾಯಿ ಕೇಳಿದಳು.

ಹುಡುಗಿ ಬಾಯಿ ತೆರೆಯುವುದರೊಳಗೆ ನಾನು ಹಾರಿದೆ. "ಇಲ್ರಿ, ಓದು ಗೀದು ಏನಿಲ್ರಿ. ಒಂದಕ್ಷರಾ ಗೊತ್ತಿಲ್ಲ." ಬಾಗಿಲ ಹತ್ತಿರ ನಿಂತಿದ್ದ ಖಾಲಾ ಕಲಿಸಿದ್ದಕ್ಕಿಂತ ಎರಡು ಮಾತು ಹೆಚ್ಚೇ ಅಂದಳು: ಈ ಹುಡುಗಿಗೆ ಪುಸ್ತಕ ಯಾವುದು, ಹಂಚು ಯಾವುದು ಗೊತ್ತಾಗುವುದಿಲ್ಲ.

ತಾಯಿ ಹೌದಾ ಅಂದಳು. ಎಲೆ ಅಡಿಕೆ ಚೀಲ ಕಟ್ಟಿದಳು. ಮಗನ ಕಡೆ ತಿರುಗಿ, ನಡಿ ತಮ್ಮಾ, ಬಂಡಿ ಹೂಡು ಅಂದಳು.

ನಮಗೆ ಏನಾಯಿತೆಂದೇ ತಿಳಿಯಲಿಲ್ಲ. ಭಾವ ಕೈಮುಗಿದು ಕೇಳಿದ ಮೇಲೆ ಆಕೆ ಹೇಳಿದಳು. ಊರಲ್ಲಿ ಒಬ್ಬ ಮುದುಕ ಮಾಸ್ತರ ದಿನಾ ಮಧ್ಯಾಹ್ನ ಆಕೆಯ ಕಟ್ಟೆಗೆ ಬಂದು ಪುರಾಣ, ಕಥೆ ಓದಿ ಹೇಳುತ್ತಿದ್ದ. ಆತ ಮಗಳ ಊರಿಗೆ ಹೋಗಿಬಿಟ್ಟ. ಮಗನಿಗೆ ಓದಲು ಬರುತ್ತದೆ, ಆದರೆ ಮೆಣಸಿನಕಾಯಿ ಚೀಲ ಎಣಿಸಿದಂತೆ ಓದುತ್ತಾನೆ. ಅವನು ಓದಿದರೆ ಯುದ್ಧದ ಕಥೆಯಲ್ಲೂ ಆಕೆಗೆ ನಿದ್ದೆ ಬರುತ್ತದೆ. ಹಿರೇ ಸೊಸೆಗೆ ಅಕ್ಷರ ಬಾರದು. "ಓದೋ ಹುಡುಗ್ಯಾರು ಭಾಳ ಛಲೋರಿ. ಒಂದ ಕಡೆ ಕುಂಡರ್ತಾರ. ಬಾಗಲದಾಗ ನಿಂತು ಓಣಿ ಮಾತಾಡಂಗಿಲ್ಲ. ಸಿಟ್ಟು ಅಂದ್ರ ಗೊತ್ತಿರಂಗಿಲ್ಲ ಅವರಿಗೆ. ಅಂಥಾಕಿ ಬೇಕಂತ ನಾ ನಾಲ್ಕು ಊರು ತಿರಗಾಕತ್ತೇನಿ. ನಿಮ್ಮ ಹುಡುಗಿ ಓದತಾಳ ಅಂತ ಸುದ್ದಿ ಇತ್ತು, ಇಲ್ಲ ಅಂತ ನೀವು ಹೇಳಿ ಹೋದ್ರಿ, ಖರೇ ಯಾವುದು ನೋಡಾಕ ಬಂದಿದ್ದೆ" ಅಂದಳು.

ಓದುವ ಹುಡುಗಿಯನ್ನು ಈಕೆಯೂ ಕಂಡಿರಲಿಲ್ಲ.

ಭಾವ ನನ್ನ ಕಡೆ ನೋಡಿದ ನೋಟಕ್ಕೆ ಡಬ್ಬಿಯೊಳಗಿನ ಗಾಜು ಒಡೆಯಬೇಕಿತ್ತು. ನಾನು ಅಡ್ಡ ನಿಂತು, ಅವ್ವಾರ, ಆಕಿ ಓದತಾಳ್ರಿ, ಮುಲ್ಕಿ ಪಾಸಾಗ್ಯಾಳ್ರಿ ಎಂದೆ.

"ಈಗರ ಒಂದಕ್ಷರಾ ಗೊತ್ತಿಲ್ಲ ಅಂದ್ರಿ" ಎಂದು ಆಕೆ ನಿಧಾನಕ್ಕೆ ಅಂದಳು. "ನಾನು ಶಿರಾ ತಿನ್ನೋದರೊಳಗ ಮುಲ್ಕಿ ಪಾಸಾದ್ಲೇನು?"

ಕಲ್ಲುಸಕ್ಕರೆಯ ಕಾಗದ

ಆಮೇಲೆ ಒಬ್ಬೊಬ್ಬರೇ ಆಣೆ ಮಾಡಿದೆವು. ಭಾವ ಮಾಡಿದ, ಅಕ್ಕ ಮಾಡಿದಳು. ಖಾಲಾ ಕೂಡ, ತಾನು ಹೇಳಿದ್ದು ಈ ಹುಡುಗಿಯ ಮಾತಲ್ಲ, ತನ್ನ ತಂಗಿಯ ಮಗಳ ಮಾತು ಎಂದು ತಿರುಗಿಸಿದಳು. ಆಕೆಗೆ ತಂಗಿಯೇ ಇರಲಿಲ್ಲ. ಪೆಟ್ಟಿಗೆ ತಂದು ತೋರಿಸುತ್ತೇವೆ ಅಂದೆವು. ಶಿಗ್ಗಾವಿಯ ತಾಯಿ ಬೇಡ ಅಂದಳು. ಹಿಂದೆ ಒಂದು ಊರಲ್ಲಿ ಹೀಗೇ ಮೋಸ ಹೋಗಿದ್ದಳಂತೆ: ಕನ್ಯೆ ಗಡಗಡ ಓದಿದಳು, ಎಲ್ಲರೂ ಭೇಷ್ ಅಂದರು, ಆಮೇಲೆ ನೋಡಿದರೆ ಪುಸ್ತಕ ತಲೆಕೆಳಗಾಗಿತ್ತು. ಬಾಯಿಪಾಠ ಮಾಡಿಸಿ ಕೂಡಿಸಿದ್ದರು. "ನಿಮ್ಮ ಮನಿ ಪುಸ್ತಕಾ ನನಗ ಬ್ಯಾಡ. ಈಕಿ ಕಣ್ಣಿಗೆ ಬೀಳಲಾರದ್ದು ಬೇಕು" ಎಂದು ಸುತ್ತ ನೋಡಿ, ತಾನು ತಂದ ಕಲ್ಲುಸಕ್ಕರೆಯ ಪೊಟ್ಟಣ ಬಿಚ್ಚಿದಳು. ಸಕ್ಕರೆ ತಾಟಿಗೆ ಸುರಿದು ಕಾಗದವನ್ನು ಹುಡುಗಿಯ ಕೈಗೆ ಕೊಟ್ಟಳು. ಯಾವುದೋ ಕಥೆಪುಸ್ತಕದಿಂದ ಹರಿದ ಹಾಳೆ.

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಹಾಳೆಯನ್ನು ನೆಟ್ಟಗೆ ಮಾಡಿಕೊಂಡು ಕೂತು ಓದಿದಳು.

ಹೊಳೆ ದಾಟುವಾಗ ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಕಥೆ. ವರ್ಷಗಳು ಕಳೆದಿವೆ. ಬಿಸಿಲಿನಲ್ಲಿ ಒಬ್ಬ ದಾರಿಹೋಕ ಬಂದು ನೀರು ಕೇಳುತ್ತಾನೆ. ಆಕೆ ತಂಬಿಗೆ ಕೊಡುತ್ತಾಳೆ. ಆತ ತಂಬಿಗೆ ಹಿಡಿದ ಕೈಯ ಮೇಲೆ ಸುಟ್ಟ ಕಲೆ ಇದೆ. ಆಕೆ ಆ ಕಲೆಯನ್ನು ನೋಡುತ್ತಾಳೆ, ಆತ ಬಾಯಿ ತೆರೆದು...

ಹುಡುಗಿ ನಿಲ್ಲಿಸಿದಳು.

ಶಿಗ್ಗಾವಿಯ ತಾಯಿ ಎಲೆ ಅಡಿಕೆ ಚೀಲ ಯಾವಾಗಲೋ ಕೆಳಗಿಟ್ಟಿದ್ದಳು. "ಬಾಯಿ ತಗದು? ಏನಂದ?"

"ಹಾಳಿ ಮುಗೀತ್ರಿ."

ಆಗ, ಅಲ್ಲಿಯವರೆಗೆ ಒಂದು ಮಾತೂ ಆಡದ ವರ ಎದ್ದು ಚಪ್ಪಲಿ ಮೆಟ್ಟಿ ಪೇಟೆಯ ಕಡೆ ನಡೆದ. ಕಿರಾಣಿ ಅಂಗಡಿಯಲ್ಲಿ ಆ ಪುಸ್ತಕ ಮೊಳೆಗೆ ಸಿಕ್ಕಿಸಿತ್ತು. ಹಾಳೆ ಕೊಡು ಅಂದರೆ ಅಂಗಡಿಯವ ಕೊಡಲಿಲ್ಲ. ಹಾಳೆ ಮಾರುವುದಿಲ್ಲ, ಸಾಮಾನು ತೆಗೆದುಕೊಂಡರೆ ಕಟ್ಟಿಕೊಡುತ್ತೇನೆ ಅಂದನಂತೆ. ಹುಡುಗ ಜೀರಿಗೆ ತೆಗೆದುಕೊಂಡ. ಕೊತ್ತಂಬರಿ ಕಾಳು ತೆಗೆದುಕೊಂಡ. ಪುಠಾಣಿ, ಮೆಣಸು, ಅಳಲೆಕಾಯಿ, ಕೊನೆಗೆ ಏನೂ ತೋಚದೆ ಎಮ್ಮೆಗೆ ತಿನ್ನಿಸುವ ಔಷಧ. ಹೆಗಲ ವಸ್ತ್ರದ ತುಂಬ ಪೊಟ್ಟಣ ಕಟ್ಟಿಕೊಂಡು ಬೆವರು ಒರೆಸುತ್ತಾ ಬಂದು ಹುಡುಗಿಯ ಮುಂದೆ ಸುರಿದ. ನಮ್ಮ ಹುಡುಗಿ ಆಗ ಮೊದಲನೇ ಸಲ ತಲೆ ಎತ್ತಿ ಅವನನ್ನು ಸರಿಯಾಗಿ ನೋಡಿದಳು. ನಾನು ಕಣ್ಣಿನ ಕಸುಬಿನವ. ಅಂಥ ನೋಟ ಯಾವ ಗಾಜಿನಿಂದಲೂ ಬರುವುದಿಲ್ಲ.

ಪೊಟ್ಟಣ ಬಿಚ್ಚಿದೆವು. ಅಂಗಡಿಯವ ಕೈಗೆ ಸಿಕ್ಕ ಹಾಗೆ ಹರಿದಿದ್ದರಿಂದ ಕಥೆ ಹಿಂದುಮುಂದಾಗಿ ಬಂತು. ಕೊತ್ತಂಬರಿಯಲ್ಲಿ ಮಗ ಇನ್ನೂ ತೊಟ್ಟಿಲಲ್ಲಿದ್ದ. ಮೆಣಸಿನಲ್ಲಿ ಅವನ ಲಗ್ನವಾಗಿತ್ತು. ಪುಠಾಣಿಯಲ್ಲಿ ತಾಯಿ ಹೊಳೆ ದಂಡೆಯಲ್ಲಿ ಹುಚ್ಚಿಯಂತೆ ಕೂಗುತ್ತಿದ್ದಳು. ಹುಡುಗಿ ನೆಲದ ಮೇಲೆ ಹಾಳೆ ಹರಡಿ, ಇದು ಮೊದಲು, ಇದು ಆಮೇಲೆ ಎಂದು ಜೋಡಿಸುತ್ತಾ ಓದಿದಳು. ಶಿಗ್ಗಾವಿಯ ತಾಯಿ ಸೆರಗಿನಿಂದ ಮೂಗು ಒರೆಸಿದಳು. ಮೆಣಸಿನ ಘಾಟೋ ಕಥೆಯೋ ಹೇಳುವುದು ಕಷ್ಟ. ಭಾವ ಕಂಬ ಹಿಡಿದು ನಿಂತಿದ್ದ. ಅವನ ಬಾಯಿ ತೆರೆದೇ ಇತ್ತು. ಎಲ್ಲಾ ಹಾಳೆ ಜೋಡಿಸಿ ಆದ ಮೇಲೆ ಗೊತ್ತಾದದ್ದು, ಆ ದಾರಿಹೋಕ ಬಾಯಿ ತೆರೆದು ಏನೆಂದ ಅನ್ನುವ ಹಾಳೆ, ಅಂದರೆ ಕಥೆಯ ಕಡೇ ಹಾಳೆ, ಇಲ್ಲ.

ಹುಡುಗ ಮತ್ತೆ ಎದ್ದ. ಅಕ್ಕ ಸಣ್ಣ ದನಿಯಲ್ಲಿ ಕೂಡು ತಮ್ಮಾ ಅಂದಳು. ಮುಂಜಾನೆ ಶಿರಾಕ್ಕೆ ಏಲಕ್ಕಿ ತರಿಸಿದ್ದಳು. ಅದನ್ನು ಕಟ್ಟಿದ ಕಾಗದದಿಂದಲೇ ಒಲೆ ಹೊತ್ತಿಸಿದ್ದಳು. "ಕಡೀ ಹಾಳಿ ನಾವೆಲ್ಲಾರೂ ಕೂಡಿ ತಿಂದ ಬಿಟ್ಟೇವ್ರಿ" ಅಂದಳು.

ಶಿಗ್ಗಾವಿಯ ತಾಯಿ ಶಿರಾದ ಖಾಲಿ ತಾಟಿನ ಕಡೆ ನೋಡುತ್ತಾ ಕೂತಳು. ಹೊತ್ತು ಇಳಿಯುತ್ತಿತ್ತು. ಆಕೆಗೆ ಎದ್ದು ಹೋಗಲೂ ಆಗದು, ಕೂ‍ಡಲೂ ಆಗದು. ಆಗ ನಮ್ಮ ಹುಡುಗಿ, ಯಾರೂ ಕಲಿಸದೆ, ಹಾಳೆಗಳನ್ನು ಮಡಿಚಿಡುತ್ತಾ ಅಂದಳು: "ನನ್ನ ಪೆಟಗಿಯೊಳಗ ಇನ್ನೂ ಭಾಳ ಕಥಿ ಅದಾವ್ರಿ ಅವ್ವಾ. ಎಲ್ಲಾಕ್ಕೂ ಕಡೀ ಹಾಳಿ ಅದಾವು."

"ಎಷ್ಟು ದೊಡ್ಡದೈತಿ ಪೆಟಗಿ?"

ಹುಡುಗಿ ಹೇಳುವ ಮೊದಲೇ ಭಾವ ಖಾಲಾಳ ಮನೆಯ ಕಡೆ ಓಡಿದ್ದ. ತಕ್ಕಡಿಗೆ ಹಾಕುತ್ತೇನೆ ಎಂದು ವರ್ಷವಿಡೀ ಒದರಿದ ಮನುಷ್ಯ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಮೆಲ್ಲಗೆ, ಮೆಲ್ಲಗೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಬಂದು ಪಡಸಾಲೆಯಲ್ಲಿ ಇಳಿಸಿದ. ತಾಯಿ ಮುಚ್ಚಳ ಎತ್ತಿ ನೋಡಿ, ಅಲ್ಲೇ ಇದ್ದ ಕಲ್ಲುಸಕ್ಕರೆ ತೆಗೆದು ಎಲ್ಲರ ಬಾಯಿಗೆ ಹಾಕಿದಳು. ಲಗ್ನ ಗೊತ್ತಾಯಿತು. ಹೊರಡುವಾಗ ಒಂದೇ ಕರಾರು ಹೇಳಿದಳು. ಹುಡುಗಿಯನ್ನು ಮುಹೂರ್ತ ನೋಡಿ ಕಳಿಸಿರಿ, ಪೆಟ್ಟಿಗೆ ಬೇಕಾದರೆ ಇವತ್ತೇ ಬರಲಿ.

ಹುಡುಗಿ ಕೊಡಲಿಲ್ಲ. ಆಕೆ ದಡ್ಡಿಯಲ್ಲ.

ಬಂಡಿಯೊಳಗಿನ ಅಳು

ಹೆಣ್ಣು ಕಳಿಸುವ ದಿನ ನಮ್ಮ ಕಡೆ ಹೆಂಗಸರಿಗೆ ದೊಡ್ಡ ಕೆಲಸ. ಬಂಡಿ ಊರು ದಾಟುವ ದಾರಿಯಲ್ಲಿ ನಿಂತು, ಹುಡುಗಿ ಎಷ್ಟು ಅತ್ತಳು, ಎಲ್ಲಿಂದ ಎಲ್ಲಿಯ ತನಕ ಅತ್ತಳು ಎಂದು ನೋಡಬೇಕು. ಚೆನ್ನಾಗಿ ಅತ್ತರೆ ಒಳ್ಳೆಯ ಮನೆತನದ ಹುಡುಗಿ. ಓದಿದ ಹುಡುಗಿ ಅಳುತ್ತಾಳೋ ಇಲ್ಲವೋ ನೋಡಲು ಆ ದಿನ ಎಂದಿಗಿಂತ ಹೆಚ್ಚು ಮಂದಿ ಕೂಡಿದ್ದರು.

ಮನೆಯ ಬಾಗಿಲಲ್ಲಿ ಆಕೆ ಅಕ್ಕನನ್ನು ತಬ್ಬಿ ಅತ್ತಳು, ಖಾಲಾಳನ್ನು ತಬ್ಬಿ ಅತ್ತಳು. ಭಾವ ಅತ್ತ, ನಾನೂ ಅತ್ತೆ. ಕಮಾನು ಕಟ್ಟಿದ ಕೊಲ್ಲಾರಿ ಬಂಡಿಯ ಮುಂದಿನ ಭಾಗಕ್ಕೆ ಪೆಟ್ಟಿಗೆ ಏರಿತು. ಹಿಂದೆ ಅತ್ತೆ ಸೊಸೆ ಕೂತರು. ಮದುಮಗನಿಗೆ ಜಾಗ ಉಳಿಯಲಿಲ್ಲ. ಬಾಸಿಂಗದ ಗುರುತು ಹಣೆಯ ಮೇಲೆ ಇನ್ನೂ ಇದ್ದ ಹಾಗೆಯೇ ಬಂಡಿಯ ಹಿಂದೆ ನಡೆದು ಬರುತ್ತಿದ್ದ. ಊರು ದಾಟಿಸುವ ತನಕ ನಾನೂ ಅವನ ಜೊತೆ ಹೊರಟೆ.

ಓಣಿ ತಿರುಗುವುದರೊಳಗೆ ಅತ್ತೆ ಸೊಸೆಯ ಕಣ್ಣೀರು ಒರೆಸಿ, ಆದದ್ದಾಯಿತು ತಂಗಿ, ಶಿಗ್ಗಾವಿ ಇನ್ನೂ ದೂರ ಇದೆ, ಒಂದು ಪುಸ್ತಕ ತೆಗಿ ಅಂದಳು. ಬಂಡಿಯೊಳಗಿಂದ ಸಣ್ಣ ದನಿಯಲ್ಲಿ ಓದು ಶುರುವಾಯಿತು. ಯಾವ ಕಥೆಯೋ ನನಗೆ ಕೇಳಿಸಲಿಲ್ಲ. ಮದುಮಗ ಕೇಳಿಸಿಕೊಳ್ಳಲೆಂದು ಬಂಡಿಯ ಹಿಂಬದಿ ಹಿಡಿದು ನಡೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಿಕ್ಕುವ ಸಪ್ಪಳ ಬಂತು. ಮೊದಲು ಮೆಲ್ಲಗೆ. ಆನಿಕೆರಿ ಸಮೀಪ ಬರುವುದರೊಳಗೆ ತಡೆಯಲಾರದ ದೊಡ್ಡ ಅಳು. ಅಯ್ಯೋ ಶಿವನ, ಎಂಥಾ ಕಷ್ಟಾ ತಂದಿ ಎಂದು ಅತ್ತೆ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅದರ ನಡುವೆ ಸೊಸೆಯ ದನಿ ಒಂದಿಷ್ಟೂ ತಡವರಿಸದೆ ನಡೆದಿತ್ತು.

ಕೆರೆಯ ದಂಡೆಯಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದ ಹೆಂಗಸರು ಕಿವಿಗೊಟ್ಟರು. ಬಂಡಿ ಮುಂದೆ ಹೋಯಿತು. ಅವರಲ್ಲಿ ಒಬ್ಬ ಮುದುಕಿ, ಇಷ್ಟು ವರ್ಷ ತಾನು ಹೇಳುತ್ತಾ ಬಂದದ್ದು ಕಡೆಗೂ ಕಣ್ಣಾರೆ ಕಂಡ ಸಮಾಧಾನದಿಂದ, ಪಕ್ಕದವಳ ಮೊಳಕೈ ತಿವಿದಳು.

"ನೋಡಿದೇನ ಓದಿದ ಹುಡುಗೀನ? ಇನ್ನೂ ಊರ ದಾಟಿಲ್ಲ, ಆಗಲೇ ಅತ್ತೀಗೆ ಈ ಗತಿ ತಂದಾಳ."